ಬೆನ್ನು ತಿರುಗಿಸಿದವನ ಮಾತು

ನನ್ನ ತಮ್ಮ ಭೋಜರಾಜ ಕೂತಲ್ಲಿ ಕೂರುವವನಲ್ಲ. ತಟ್ಟೆಯ ಮುಂದೆ ಕೂತರೂ ಒಂದು ಕಾಲು ಅಲ್ಲಾಡುತ್ತಲೇ ಇರಬೇಕು, ಬೆರಳು ನೆಲ ಕುಟ್ಟುತ್ತಲೇ ಇರಬೇಕು. "ಮೈಮೇಲೆ ಇರುವೆ ಬಿಟ್ಕೊಂಡಿದ್ದೀಯೇನೋ?" ಎಂದು ನಮ್ಮಮ್ಮ ಜಾನಕಮ್ಮ ಸಾಯುವವರೆಗೂ ಬೈದಳು. ಇಪ್ಪತ್ತೆರಡನೆಯ ವಯಸ್ಸಿಗೆ ಅವನ ಎರಡೂ ಕಣ್ಣು ಪೂರ್ತಿ ಹೋದಾಗ ನೆಂಟರೆಲ್ಲ, ಪಾಪ, ಇನ್ನು ಹುಡುಗ ಒಂದು ಮೂಲೆ ಹಿಡಿದು ಕೂರುತ್ತಾನೆ ಎಂದು ಲೊಚಗುಟ್ಟಿದರು. ಎಲ್ಲಿಯ ಮೂಲೆ! ಮೂರೇ ವರ್ಷಕ್ಕೆ ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಹಿಡಿದ. ಕ್ರೋಂಪೇಟೆಯಿಂದ ಬೀಚ್ ಸ್ಟೇಷನ್ನಿಗೆ ದಿನಾ ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತೇ ಹೋಗುತ್ತಾನೆ. ಯಾರಾದರೂ ಎದ್ದು ಜಾಗ ಕೊಟ್ಟರೆ "ಪರವಾಯಿಲ್ಲೆ ಸಾರ್, ನೀಂಗ ಉಕ್ಕಾರುಂಗ" ಎಂದು ಅವರನ್ನೇ ಹಿಡಿದು ಕೂರಿಸುತ್ತಾನೆ.

ನಾನು ಅವನ ಅಕ್ಕ ತುಂಗಾ. ಐದು ವರ್ಷ ದೊಡ್ಡವಳು. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿ ನಂಜನಗೂಡಿನಿಂದ ಬಂದವರು. ನಾವಿಬ್ಬರೂ ಹುಟ್ಟಿದ್ದು, ಬೆಳೆದದ್ದು ಮದ್ರಾಸಿನಲ್ಲೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇರಲಿ, ಹೇಳಿಕೊಳ್ಳಲಿ. ಭೋಜನ ಕಣ್ಣು ಹೋದ ವರ್ಷವೇ ನನಗೊಂದು ಗಂಡು ಗೊತ್ತಾಗಿತ್ತು, ಮೈಸೂರಿನ ಹೈಸ್ಕೂಲ್ ಮೇಷ್ಟ್ರು. ತಮ್ಮನನ್ನು ಹೀಗೆ ಬಿಟ್ಟು ಹೋಗಲಾರೆ ಎಂದು ನಾನೇ ಬೇಡವೆಂದೆ. ಎಂಥ ಹೆಣ್ಣುಮಗಳಪ್ಪಾ ಎಂದು ಜನ ಹೊಗಳಿದರು. ಹೊಗಳಿಸಿಕೊಳ್ಳುವುದು ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ನನ್ನ ಕೆಲಸ ವಡಪಳನಿಯ ಒಂದು ಡಬ್ಬಿಂಗ್ ಥಿಯೇಟರಿನಲ್ಲಿ. ಕನ್ನಡ ಚಿತ್ರಗಳು ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಸೇರಿದವಳು. ಚಿತ್ರಗಳು ಬೆಂಗಳೂರಿಗೆ ಹೋದವು, ನಾನು ಇಲ್ಲೇ ಉಳಿದೆ. ಆಮೇಲೆ ಸೋಪು, ಟೂತ್‌ಪೇಸ್ಟು, ಆರೋಗ್ಯ ಇಲಾಖೆಯ ಸಾಕ್ಷ್ಯಚಿತ್ರ, ಏನು ಬಂದರೆ ಅದಕ್ಕೆ ಕನ್ನಡ ಮಾತು ಬರೆಯುತ್ತಿದ್ದೆ. ಆ ಕೆಲಸಕ್ಕೆ ಒಂದು ಪದ್ಧತಿ ಇದೆ. ತೆರೆಯ ಮೇಲಿನ ಮನುಷ್ಯನ ತುಟಿ ಕೂಡಿದ ಕಡೆ ಪ, ಬ, ಮ ಬರಬೇಕು. ಅವನು ಬಾಯಿ ಮುಚ್ಚುವ ಹೊತ್ತಿಗೆ ನಮ್ಮ ಮಾತೂ ಮುಗಿಯಬೇಕು. ಅದಕ್ಕಾಗಿ ಕತ್ತರಿಸುತ್ತೇವೆ, ಹಿಗ್ಗಿಸುತ್ತೇವೆ. ಆದರೆ ಅವನು ಬೆನ್ನು ತಿರುಗಿಸಿದನೋ, ತುಟಿ ಕಾಣುವುದಿಲ್ಲ, ಆಗ ಬರೆಯುವವರದ್ದೇ ದರ್ಬಾರು. ಮೂಲದಲ್ಲಿ ಇಲ್ಲದ್ದನ್ನು ತುಂಬಬಹುದು, ಇದ್ದದ್ದನ್ನು ಬಿಡಬಹುದು. ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷ ಹಾಗೇ ಮಾಡಿ ಕೈ ಪಳಗಿಹೋಗಿತ್ತು.

ಭೋಜನಿಗೆ ಮೊದಲಿನಿಂದಲೂ ಪರದೇಶದ ಚಿತ್ರಗಳ ಹುಚ್ಚು. ಕಣ್ಣಿದ್ದಾಗ ಕಾಲೇಜು ತಪ್ಪಿಸಿ ಫಿಲ್ಮ್ ಕ್ಲಬ್ಬಿಗೆ ಓಡುತ್ತಿದ್ದ. ಕಣ್ಣು ಹೋದಮೇಲೂ ಬಿಡಲಿಲ್ಲ, ನನ್ನನ್ನು ಎಳೆದುಕೊಂಡು ಹೋದ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಬ್‌ಟೈಟಲ್‌ಗಳನ್ನು ನಾನು ಓದಿಕೊಂಡು ಅವನ ಕಿವಿಯಲ್ಲಿ ಕನ್ನಡದಲ್ಲಿ ಪಿಸುಗುಟ್ಟಬೇಕು. ಅದರ ನಡುನಡುವೆ ಯಾರು ಬಂದರು, ಯಾರು ಹೋದರು, ಯಾರ ಮುಖ ಹೇಗಾಯಿತು ಎಲ್ಲ ಹೇಳಬೇಕು. ಹದಿನೇಳು ವರ್ಷ ಹೀಗೆ ನಡೆಯಿತು. ಗಂಟಲು ಒಣಗುತ್ತಿತ್ತು, ಆದರೆ ನಾನಿಲ್ಲದೆ ಅವನಿಗೆ ಒಂದು ಚಿತ್ರವೂ ಇಲ್ಲ ಎಂಬುದು ನನಗೆ ಇಷ್ಟವಾಗಿತ್ತು.

ಎರಡು ಸಾವಿರದ ಮೂರರಲ್ಲಿ, ನುಂಗಂಬಾಕ್ಕಂನ ಒಂದು ಸಣ್ಣ ಹಾಲಿನಲ್ಲಿ, ಮುಂದಿನ ಸಾಲಿನ ಒಬ್ಬಾತ ಮೂರು ಸಲ ಹಿಂತಿರುಗಿ ನೋಡಿದ. ನಾಲ್ಕನೆಯ ಸಲ "ಅಮ್ಮಾ, ಪಡಂ ಪಾಕ್ಕ ವಿಡುಂಗಮ್ಮಾ" ಅಂದ, ಚಿತ್ರ ನೋಡಲು ಬಿಡಿ ಎಂದು. ನಾನು ಸುಮ್ಮನಿರುವವಳೇ? "ಇವನಿಗೆ ಕಣ್ಣು ಕಾಣಲ್ಲ, ನಿಮಗೆ ಬುದ್ಧಿ ಕಾಣಲ್ಲ" ಎಂದು ತಮಿಳಿನಲ್ಲೇ ಝಾಡಿಸಿದೆ. ಇಂಟರ್‌ವೆಲ್ಲಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಬಂದು, ಬಹಳ ಮರ್ಯಾದೆಯಿಂದಲೇ, ನೀವಿಬ್ಬರೂ ಹಿಂದೆ ಬಾಗಿಲ ಬಳಿ ಕೂತರೆ ಎಲ್ಲರಿಗೂ ಅನುಕೂಲ ಎಂದರು. ಭೋಜ ಎದ್ದವನೇ ಕೋಲು ಬಿಚ್ಚಿಕೊಂಡು ಹೊರಗೆ ನಡೆದುಬಿಟ್ಟ. ಟ್ರೈನಿನಲ್ಲಿ ಪಲ್ಲಾವರಂ ದಾಟುವವರೆಗೂ ನನ್ನ ಎದುರು ಕಂಬಿ ಹಿಡಿದು ನಿಂತೇ ಇದ್ದ.

"ಅಕ್ಕ, ಇನ್ಮೇಲೆ ನಾನೇ ನೋಡ್ತೀನಿ" ಅಂದ ಕೊನೆಗೆ.

"ಏನು ನೋಡ್ತೀಯೋ?"

"ಪಿಕ್ಚರ್ ಕಣಕ್ಕ. ಶುರುವಿಂದ ಕೊನೇವರೆಗೂ, ಮಧ್ಯದಲ್ಲಿ ಯಾರೂ ಇಲ್ದೆ. ಒಂದೇ ಒಂದಾದ್ರೂ ಹಾಗೆ ನೋಡ್ಬೇಕು."

ಮಧ್ಯದಲ್ಲಿ ಯಾರೂ ಇಲ್ಲದೆ. ಮಧ್ಯದಲ್ಲಿ ಇದ್ದವಳು ನಾನೊಬ್ಬಳೇ. ಚುರುಕ್ಕೆಂದಿತು. "ನೋಡಪ್ಪಾ, ಮಹಾರಾಯ" ಎಂದು ಕಿಟಕಿಯ ಕಡೆ ತಿರುಗಿ ಕೂತೆ.

ಆ ಹೊತ್ತಿಗೆ ಅವನ ಬಳಿ ಒಂದು ಕಂಪ್ಯೂಟರ್ ಇತ್ತು, ಅದರೊಳಗೆ ಪರದೆಯ ಮೇಲಿದ್ದುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇತ್ತು. ಒಬ್ಬ ಗಂಡಸಿನ ಮೂಗುದನಿ, ಬರೀ ಇಂಗ್ಲಿಷ್. ಅದರ ವೇಗವನ್ನು ಭೋಜ ಎಷ್ಟು ಏರಿಸಿದ್ದನೆಂದರೆ ನನಗೆ ಅದು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತಿತ್ತು. ಅವನಿಗೆ ಮಾತ್ರ ಪ್ರತಿ ಪದವೂ ಬಿಡಿಬಿಡಿಯಾಗಿ ಸಿಗುತ್ತಿತ್ತು. ಪತ್ರ ಓದುತ್ತಿತ್ತು, ಮೇಲ್ ಓದುತ್ತಿತ್ತು, ಬ್ಯಾಂಕಿನ ಸುತ್ತೋಲೆ ಓದುತ್ತಿತ್ತು. ಚಿತ್ರ ಹಾಕಿದರೆ ಮಾತ್ರ ಮೂಗ. ಪರದೆಯ ಕೆಳಗಿನ ಆ ಸಾಲುಗಳು ನಮಗೆ ಅಕ್ಷರವಾಗಿ ಕಂಡರೂ ಆ ಯಂತ್ರಕ್ಕೆ ಗೋಡೆ, ಮರ, ಮುಖಗಳ ಹಾಗೇ ಬರೀ ಚಿತ್ರವಂತೆ. ಇದನ್ನು ಹೇಳಿದವನು ಭೋಜನ ಗೆಳೆಯ ಚಂದ್ರಶೇಖರ, ಬ್ಯಾಂಕಿನ ಕಂಪ್ಯೂಟರ್ ವಿಭಾಗದವನು. ಸಬ್‌ಟೈಟಲ್‌ಗಳನ್ನು ಬೇರೆ ಫೈಲಿನಲ್ಲಿ ಬರಹವಾಗಿಯೂ ಇಡಬಹುದು ಎಂದೂ ಅವನೇ ಹೇಳಿದ: ಸಾಲಿನ ಸಂಖ್ಯೆ, ಅದು ಬರುವ ಸಮಯ, ಹೋಗುವ ಸಮಯ, ಕೆಳಗೆ ಮಾತು. ಅಷ್ಟೇ.

"ಅಷ್ಟೇನಾ? ಮತ್ತೆ ಯಾರಪ್ಪ ಅಡ್ಡ ಬಂದಿರೋದು?" ಅಂದ ಭೋಜ.

ಪ್ರೋಗ್ರಾಂ ಬರೆಯುವುದನ್ನು ಅವನು ಕಲಿತದ್ದು ಕ್ಯಾಸೆಟ್ಟುಗಳಿಂದ ಮತ್ತು ಫೋನಿನಿಂದ. ಟೆಲಿಫೋನ್ ಆಪರೇಟರನಲ್ಲವೇ, ಊರಲ್ಲಿ ಯಾರಿಗೆ ಏನು ಗೊತ್ತು ಎಂಬುದು ಅವನಿಗೆ ಗೊತ್ತು. ಒಂದೂವರೆ ವರ್ಷ ಮನೆಯಲ್ಲಿ ಸುಖವಿಲ್ಲ. ಕಂಪ್ಯೂಟರಿನ ಮುಂದೆ ಹತ್ತು ನಿಮಿಷ, ಎದ್ದು ಹಾಲಿನಲ್ಲಿ ಐದು ಸುತ್ತು, ಮತ್ತೆ ಹತ್ತು ನಿಮಿಷ. ಸಾರಿಗೆ ಉಪ್ಪು ಹಾಕಿಲ್ಲವೆಂದರೂ ಗೊತ್ತಾಗದೆ ಉಣ್ಣುತ್ತಿದ್ದ. ಕೊನೆಗೆ ಅದು ನಿಂತಿತು. ಒಂದು ಕಡೆ ಚಿತ್ರ ಓಡುತ್ತಿರುತ್ತದೆ, ಪ್ರತಿ ಸಾಲಿನ ಸಮಯ ಬಂದ ಕ್ಷಣ ಪ್ರೋಗ್ರಾಂ ಆ ಸಾಲನ್ನು ಮೂಗುದನಿಯವನ ಬಾಯಿಗೆ ಹಾಕುತ್ತದೆ. ಜೊತೆಗೆ, ಕಣ್ಣಿದ್ದವರು ಚಿತ್ರ ನೋಡುತ್ತ ಸಾಲುಗಳನ್ನು ಟೈಪ್ ಮಾಡಲು ಇನ್ನೊಂದು ಪ್ರೋಗ್ರಾಮನ್ನೂ ಬರೆದಿದ್ದ. ಸಾಲು ಬಂದಾಗ ಒಂದು ಕೀ, ಹೋದಾಗ ಒಂದು ಕೀ, ನಡುವೆ ಮಾತು. ಸಮಯ ತಾನೇ ದಾಖಲಾಗುತ್ತದೆ.

"ಟೈಪ್ ಮಾಡೋರು ಯಾರು?" ಅಂದೆ, ಗೊತ್ತಿದ್ದೂ.

"ನೀನಲ್ದೆ ಇನ್ಯಾರು? ಆದ್ರೆ ಅಕ್ಕ, ವಡಪಳನಿ ಕೆಲಸ ಇಲ್ಲಿ ಬೇಡ. ಒಂದಕ್ಷರ ಕಮ್ಮಿ ಇಲ್ಲ, ಒಂದಕ್ಷರ ಜಾಸ್ತಿ ಇಲ್ಲ. ಏನು ಬಂದಿದೆಯೋ ಅದು."

"ಅಷ್ಟುದ್ದ ಇದ್ರೆ ನಿನ್ನ ಮೂಗುದನಿಯವನು ಹೇಗೋ ಹೇಳಿ ಮುಗಿಸ್ತಾನೆ?"

"ಅವನು ಮುಗಿಸ್ತಾನೆ, ನಾನು ಕೇಳಿಸ್ಕೋತೀನಿ. ನಿಧಾನ ಇರೋದು ನಿನ್ನ ಕಿವಿ."

ಚಿತ್ರ ಹಂಗೇರಿಯದ್ದು, ಕ್ಲಬ್ಬಿನ ಲೈಬ್ರರಿಯಿಂದ ತಂದ ಡಿಸ್ಕು. ಸಣ್ಣ ಊರಿನಲ್ಲಿ ಬೇಕರಿ ನಡೆಸುವ ಅಕ್ಕ, ತಮ್ಮ. ತಮ್ಮನ ಕೈ ನಡುಗುವ ಕಾಯಿಲೆ. ಹಿಟ್ಟು ಕಲಸಲಾರ, ಚಾಕು ಹಿಡಿಯಲಾರ. ಅಕ್ಕ ಅವನಿಗಾಗಿ ಮದುವೆ ಬಿಟ್ಟು ಉಳಿದಿದ್ದಾಳೆ. ಬೇಕೆಂದೇ ಆರಿಸಿದನೇನೋ ಎಂದು ಮೊದಲ ದಿನ ಗುಮಾನಿ ಬಂತು. ಇಲ್ಲ, ಡಿಸ್ಕಿನ ಮೇಲೆ ಏನು ಬರೆದಿತ್ತೆಂದು ಅವನಿಗೆ ಓದಿ ಹೇಳಿದವಳೇ ನಾನು. ಬೇಕರಿಯ ಕಥೆ ಎಂದಷ್ಟೇ ಇತ್ತು.

ಒಂಬೈನೂರ ಹನ್ನೆರಡು ಸಾಲು. ಎರಡೂವರೆ ತಿಂಗಳು, ದಿನಾ ಕೆಲಸದಿಂದ ಬಂದು ಒಂದು ಗಂಟೆ. ಮೊದಮೊದಲು ಇದ್ದದ್ದು ಇದ್ದ ಹಾಗೇ ಟೈಪ್ ಮಾಡಿದೆ. ನೂರು ಸಾಲು ಆಗುವಷ್ಟರಲ್ಲಿ ಕೈ ತನ್ನ ಬುದ್ಧಿ ತೋರಿಸಿತು. ಇಲ್ಲೊಂದು ಪದ ಬಿಟ್ಟೆ, ಅಲ್ಲೊಂದು ಸಾಲು ಮೊಟಕು ಮಾಡಿದೆ. ಏನಾಗುತ್ತೆ ಮಹಾ, ಅರ್ಥ ಕೆಡಲಿಲ್ಲವಲ್ಲ ಎಂದುಕೊಂಡೆ. ಆಮೇಲೆ ಆರುನೂರ ನಾಲ್ಕನೆಯ ಸಾಲು ಬಂತು.

ತಮ್ಮ ಒಲೆಯ ಕಡೆ ಮುಖಮಾಡಿ, ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಅಕ್ಕ ಹಿಂದೆ ಬಾಗಿಲಲ್ಲಿ. ಅವನು ತಿರುಗದೆ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ಇಲ್ಲೇ ಇರು ಅಂತ ನಾನು ನಿನ್ನನ್ನು ಕೇಳಲಿಲ್ಲ. ಹೋಗಲು ನಿನಗೇ ಹೆದರಿಕೆಯಿತ್ತು. ನನ್ನ ಕೈ ತೋರಿಸಿ ಉಳಿದುಕೊಂಡೆ." ಅಕ್ಕ ಅಲ್ಲೇ ನೆಲಕ್ಕೆ ಕುಸಿದು ಅಳುತ್ತಾಳೆ.

ಚಿತ್ರ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದೆ. ನನಗೆ ಆ ಮೈಸೂರಿನ ಮೇಷ್ಟ್ರ ಮನೆಗೆ ಹೋಗಲು ಹೆದರಿಕೆಯಿತ್ತು. ತುಂಬಿದ ಮನೆ, ಮೂವರು ನಾದಿನಿಯರು, ಮಾತಾಡದ ಅತ್ತೆ. ಭೋಜನ ಕಣ್ಣು ಹೋಗದಿದ್ದರೂ ಬೇರೆ ನೆಪ ಹುಡುಕುತ್ತಿದ್ದೆ. ಇದು ಅಮ್ಮನಿಗೂ ಗೊತ್ತಿರಲಿಲ್ಲ, ನಾನೂ ಹತ್ತಿಪ್ಪತ್ತು ವರ್ಷದಿಂದ ನೆನೆದಿರಲಿಲ್ಲ. ಈಗ ಇದನ್ನು ನನ್ನ ಕೈಯಿಂದಲೇ ಟೈಪ್ ಮಾಡಿ, ನನ್ನ ಮನೆಯಲ್ಲೇ, ಆ ಮೂಗುದನಿಯಲ್ಲಿ ಭೋಜನಿಗೆ ಕೇಳಿಸಬೇಕೇ? ವಾಪಸ್ ಬಂದು ಕೂತೆ. ಅವನ ಬೆನ್ನು ನಮ್ಮ ಕಡೆಗಿತ್ತು, ತುಟಿ ಕಾಣುತ್ತಿರಲಿಲ್ಲ. "ಬ್ರೆಡ್ ಸೀದುಹೋಗ್ತಿದೆ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಮುಂದಕ್ಕೆ ಹೋದೆ.

ಎರಡು ಸಾವಿರದ ಆರರ ಜನವರಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಅಂಧ ನೌಕರರ ಸಂಘದವರನ್ನು ಭೋಜ ಕರೆದ. ಸೈದಾಪೇಟೆಯ ಶಾಲೆಯೊಂದರ ಕೋಣೆ, ಹನ್ನೊಂದು ಜನ. ಬ್ಯಾಂಕು, ರೈಲ್ವೆ, ಇನ್ಶೂರೆನ್ಸ್ ಆಫೀಸಿನವರು, ಎಲ್ಲರೂ ದಿನವಿಡೀ ಫೋನೋ ಕಂಪ್ಯೂಟರೋ ಹಿಡಿದವರು. ಕೋಲುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ಕೂತರು. ಇದು ಸರಿಹೋದರೆ ಪ್ರೋಗ್ರಾಮನ್ನು ಎಲ್ಲರಿಗೂ ಕೊಡುವುದು, ಅಂಧ ಕಂಪ್ಯೂಟರ್ ಬಳಕೆದಾರರ ಮೇಲ್ ಬಳಗದ ಮೂಲಕ ದೇಶಕ್ಕೆಲ್ಲ ಕಳಿಸುವುದು ಎಂದು ಮಾತಾಗಿತ್ತು. ಭೋಜ ಇಸ್ತ್ರಿ ಶರಟು ಹಾಕಿಕೊಂಡು, ಗಳಿಗೆಗೊಮ್ಮೆ ವೈರು ಮುಟ್ಟಿ ನೋಡುತ್ತ, ಬಾಗಿಲಿಗೂ ಮೇಜಿಗೂ ಓಡಾಡುತ್ತಿದ್ದ.

ಚಿತ್ರ ಶುರುವಾಯಿತು. ಮೂಗುದನಿಯವನು ಸರಿಯಾದ ಹೊತ್ತಿಗೆ ಬಾಯಿಬಿಟ್ಟ. ಹತ್ತೇ ನಿಮಿಷದಲ್ಲಿ ಹನ್ನೊಂದು ಜನವೂ ಒಂದೇ ಸಲ ನಕ್ಕರು. ಅಯ್ಯೋ, ಆಗ ಭೋಜನ ಮುಖ ನೋಡಬೇಕಿತ್ತು! ಹೊಟ್ಟೆಕಿಚ್ಚಾಯಿತು ನನಗೆ, ಕಣ್ಣಲ್ಲಿ ನೀರೂ ಬಂತು.

ಮುಗಿದಮೇಲೆ ಕಾಫಿ ಕುಡಿಯುತ್ತ ಚರ್ಚೆ. ಎಲ್ಲ ಹೊಗಳಿದಮೇಲೆ ಪ್ರೇಮಮ್ಮ ಎಂಬವರು, ಎಗ್ಮೋರ್ ಸ್ಟೇಷನ್ನಿನ ವಿಚಾರಣೆ ಫೋನಿನವರು, ಹುಟ್ಟುಕುರುಡು, ಕೋಲಾರದ ಕಡೆಯ ಕನ್ನಡದವರು, ಗಂಟಲು ಸರಿಮಾಡಿಕೊಂಡರು.

"ಭೋಜರಾಜು, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಪ್ಪ. ಬ್ರೆಡ್ಡು ಸೀದೋಯ್ತು ಅಂತ ಯಾವ ಹೆಂಗಸಾದ್ರೂ ಹಂಗೆ ಅಳ್ತಾಳಾ?"

ಕೋಣೆಯಲ್ಲಿ ನಗು. ಪ್ರೇಮಮ್ಮ ನಗಲಿಲ್ಲ. "ಅಲ್ಲಾ, ಆ ಗಂಡಸು ಎಷ್ಟೊತ್ತು ಮಾತಾಡ್ದ. ಮೂರು ಸತಿ ನಿಲ್ಲಿಸಿ ಉಸಿರು ತಕ್ಕೊಂಡ. ನಮ್ಮ ಮಿಷಿನ್ನು ಹೇಳಿದ್ದು ಎರಡೇ ಮಾತು. ಮಿಕ್ಕಿದ್ದು ಎಲ್ಲಿ?"

ಇನ್ನಿಬ್ಬರು ಹೌದು ಹೌದು, ನಮಗೂ ಹಾಗೇ ಅನಿಸಿತು ಎಂದರು. ಭೋಜ ನನ್ನ ಕಡೆ ಮುಖ ತಿರುಗಿಸಿದ. "ಅಕ್ಕ, ಅಲ್ಲಿ ಏನಿತ್ತು?"

ಆಗಲೇ ಹೇಳಿಬಿಡಬಹುದಿತ್ತು. ಹನ್ನೊಂದು ಮುಖ ನನ್ನ ಕಡೆಗಿದ್ದವು. "ನಾನು ಇದ್ದದ್ದೆಲ್ಲ ಟೈಪ್ ಮಾಡಿದ್ದೆನಪ್ಪ" ಎಂದೆ. "ಮಿಕ್ಕಿದ್ದು ಎಲ್ಲಿ ಹೋಯ್ತೋ, ನನಗೇನು ಗೊತ್ತು." ಬಾಯಿಂದ ಬಿದ್ದಮೇಲೆ ಗೊತ್ತಾಯಿತು, ತಪ್ಪನ್ನು ಎತ್ತಿ ಅವನ ಪ್ರೋಗ್ರಾಮಿನ ತಲೆಗೆ ಕಟ್ಟಿದ್ದೆ.

ಭೋಜ ಒಂದು ಕ್ಷಣವೂ ನನ್ನನ್ನು ಅನುಮಾನಿಸಲಿಲ್ಲ. ಅದೇ ನನ್ನನ್ನು ಕೊಂದದ್ದು. "ಹಾಗಾದ್ರೆ ಟೈಪ್ ಮಾಡೋ ಪ್ರೋಗ್ರಾಂ ನುಂಗ್ತಿದೆ" ಎಂದು ಎಲ್ಲರೆದುರೂ ಒಪ್ಪಿಕೊಂಡ. ಒಂದೆರಡು ತಿಂಗಳು ಕೊಡಿ, ಹಿಡಿಯುತ್ತೇನೆ ಎಂದ.

ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಆಫೀಸಿನಿಂದ ಬಂದ ಕೂಡಲೇ ಕಂಪ್ಯೂಟರ್. ಉದ್ದದ ಸಾಲು ಟೈಪ್ ಮಾಡಿ ನೋಡಿದ, ಗಿಡ್ಡದ್ದು ಮಾಡಿ ನೋಡಿದ, ಸಾವಿರ ಸಾಲು ಹಾಕಿ ಎಣಿಸಿದ. ಹಾಕಿದ್ದಷ್ಟೂ ಹೊರಗೆ ಬರುತ್ತಿತ್ತು. ತಪ್ಪು ಸಿಗುತ್ತಿಲ್ಲ ಎಂಬುದೇ ಅವನಿಗೆ ಇನ್ನೂ ದೊಡ್ಡ ಭಯವಾಯಿತು. ಹೆಬ್ಬೆರಳಿನ ಉಗುರನ್ನು ರಕ್ತ ಬರುವವರೆಗೆ ಕಚ್ಚಿಕೊಂಡ. ಚಂದ್ರಶೇಖರ ಬಂದು, "ಲೋ, ಒಂದೇ ಒಂದು ಸಾಲು ಕಣೋ. ಡಿಸ್ಕು ಮತ್ತೆ ತಂದು ಅದೊಂದನ್ನ ಟೈಪ್ ಮಾಡಿಸಿ ಕಳಿಸ್ಬಿಡು, ಯಾರು ಕೇಳ್ತಾರೆ?" ಎಂದ.

"ಕೇಳಕ್ಕಾಗಲ್ವಲ್ಲೋ, ಅದೇ ಕಷ್ಟ" ಎಂದ ಭೋಜ. "ನಿನಗಾದ್ರೆ ಪರದೆ ಮೇಲೆ ಕಾಣುತ್ತೆ, ತಾಳೆ ನೋಡ್ತೀಯ. ನಮಗೆ ಅದು ಹೇಳಿದ್ದೇ ಪಿಕ್ಚರ್. ಎಲ್ಲಿ ನುಂಗುತ್ತೆ ಅಂತ ಗೊತ್ತಿಲ್ಲದ ಯಂತ್ರಾನ ನಾನು ಇನ್ನೊಬ್ಬ ಕುರುಡನ ಕೈಗೆ ಕೊಡಲ್ಲ. ಮಾರ್ಚ್ ಹದಿನೈದರೊಳಗೆ ಸಿಗ್ಲಿಲ್ಲ ಅಂದ್ರೆ ಎಲ್ಲಾನೂ ಅಳಿಸಿಬಿಡ್ತೀನಿ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಹಾಳಾದವನೇ, ಯಾಕಿಷ್ಟು ಹಠ ನಿನಗೆ ಎಂದು ಅವನ ಮೇಲೇ ಸಿಟ್ಟು ಬಂತು. ವಡಪಳನಿಯಲ್ಲಿ ಆ ತಿಂಗಳು ಎಲ್ಲರೊಡನೆ ಜಗಳವಾಡಿದೆ. ಒಬ್ಬ ಹುಡುಗಿ ಟೂತ್‌ಪೇಸ್ಟಿನ ಒಂದು ಸಾಲನ್ನು ತಡವರಿಸಿದ್ದಕ್ಕೆ ಅವಳು ಅಳುವ ಹಾಗೆ ಬೈದೆ. ಮುರುಗನ ಗುಡಿಗೆ ಹೋಗಿ ನಿಂತೆ, ಏನು ಬೇಡಿಕೊಳ್ಳುವುದೆಂದು ಗೊತ್ತಾಗದೆ ಹಾಗೇ ಬಂದೆ. ಹೇಳಿದರೆ ಆ ಸಾಲನ್ನು ನನ್ನ ಬಾಯಿಂದಲೇ ಹೇಳಬೇಕು. ಹೇಳದಿದ್ದರೆ ಅವನು ಮೂರು ವರ್ಷದ ಕೆಲಸ ಅಳಿಸುತ್ತಾನೆ. ಅವನು ಹೇಳಿದ ಮೇಲೆ ಮುಗಿಯಿತು, ಅಳಿಸಿಯೇ ಅಳಿಸುತ್ತಾನೆ.

ಮಾರ್ಚ್ ಹನ್ನೆರಡು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ನಾನು ಹಾಲಿನಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ. ಅವನು ಸಂಘದವರಿಗೆ ಮೇಲ್ ಬರೆಯುತ್ತಿದ್ದ. ಟೈಪ್ ಮಾಡುವಾಗ ಮೂಗುದನಿಯವನು ಒಂದೊಂದೇ ಅಕ್ಷರ ಹೇಳುತ್ತಾನೆ; ಅದು ನನಗೂ ತಿಳಿಯುತ್ತದೆ. ಎಂ. ವೈ. ಆಮೇಲೆ ಎಂ. ಐ. ಎಸ್. ಟಿ. ಎ. ಕೆ. ಇ. ಮೈ ಮಿಸ್ಟೇಕ್. ನನ್ನ ತಪ್ಪು.

"ಭೋಜ, ನಿಲ್ಲಿಸೋ" ಎಂದೆ.

"ಇರಕ್ಕ, ಒಂದ್ನಿಮಿಷ."

"ನಿಲ್ಲಿಸು ಅಂದ್ರೆ ನಿಲ್ಲಿಸ್ಬೇಕು! ನಿನ್ನ ಪ್ರೋಗ್ರಾಂ ಏನೂ ನುಂಗಿಲ್ಲ. ನುಂಗಿದ್ದು ನಾನು."

ಕೈ ನಿಂತಿತು. ನಾನು ಹೇಳಿದೆ. ಬೆನ್ನು ತಿರುಗಿದ್ದನ್ನು ಹೇಳಿದೆ, ಬ್ರೆಡ್ಡು ಸೀದದ್ದು ನನ್ನ ತಲೆಯಲ್ಲಿ ಎಂದು ಹೇಳಿದೆ. ಆಮೇಲೆ ಅವನು ಕೇಳುವ ಮೊದಲೇ ಆ ಮೂರು ವಾಕ್ಯವನ್ನೂ ಹೇಳಿದೆ. ಹುರುಳಿಕಾಯಿಯ ಮೊರವನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಅವನು ಎದ್ದುನಿಂತ. ಬೈಯುತ್ತಾನೆ ಎಂದುಕೊಂಡೆ. "ಹಾಗಾದ್ರೆ ಅದು ಸರಿಯಾಗಿದೆ!" ಎಂದು ಕೂಗಿದ. "ಅಕ್ಕ, ಅದು ಸರಿಯಾಗಿದೆ! ಏನೂ ತಪ್ಪಿಲ್ಲ ಅದರಲ್ಲಿ!" ಮೇಜು ಗುದ್ದಿದ, ನಕ್ಕ, ಕೋಣೆಯಲ್ಲಿ ಎರಡು ಸುತ್ತು ಹೊಡೆದ, ಕುರ್ಚಿಗೆ ಎಡವಿ ಅದನ್ನೂ ಬೈದ. ನನಗೆ ಒಂದು ಕಡೆ ಹೋದ ಜೀವ ಬಂದಂತಾಯಿತು, ಇನ್ನೊಂದು ಕಡೆ ರೇಗಿಹೋಯಿತು. ಇಷ್ಟು ದೊಡ್ಡ ಮಾತು ಹೇಳಿದ್ದೇನೆ, ಇವನಿಗೆ ಇವನ ಪ್ರೋಗ್ರಾಮೇ ದೊಡ್ಡದೇ?

ನಗು ನಿಂತಮೇಲೆ ನನ್ನ ಎದುರು ನೆಲದ ಮೇಲೆ ಬಂದು ಕೂತ. "ಇನ್ನೇನೇನು ಬದಲಾಯಿಸಿದ್ದೀಯಕ್ಕ?"

"ಆ ಫೈಲಲ್ಲಿ ಅಲ್ಲೊಂದು ಇಲ್ಲೊಂದು ಪದ. ನಲವತ್ತು ಕಡೆ ಇರಬಹುದು."

"ಫೈಲ್ ಅಲ್ಲ. ಇಷ್ಟು ವರ್ಷದಲ್ಲಿ."

ಏನೆಂದು ಹೇಳಲಿ? ದುಃಖದ ಚಿತ್ರಗಳ ಕೊನೆಯನ್ನು ತುಸು ಮೆತ್ತಗೆ ಮಾಡಿ ಹೇಳಿದ್ದುಂಟು. ಬೇಸರದ ಚಿತ್ರಗಳಿಗೆ ನಾನೇ ಮಾತು ಹೊಸೆದದ್ದೂ ಉಂಟು. ಎಲ್ಲ ಹೇಳಿದೆ. ಕೊನೆಗೆ ತೊಂಬತ್ತಾರರಲ್ಲಿ ಶಿವಮೊಗ್ಗದ ಹೆಣ್ಣಿನ ಮನೆಯವರು ಬರೆದ ಕಾಗದವನ್ನೂ ಹೇಳಿದೆ. ಜಾತಕ ಕೂಡಲಿಲ್ಲವಂತೆ ಎಂದು ಓದಿದ್ದೆ. ಅವರು ಬರೆದದ್ದು, ಕಣ್ಣಿಲ್ಲದವನಿಗೆ ಕೊಡುವಷ್ಟು ನಮ್ಮ ಹುಡುಗಿ ಭಾರವಾಗಿಲ್ಲ ಎಂದು.

"ಅದು ನನಗೆ ಆವತ್ತೇ ಗೊತ್ತಾಯ್ತು" ಅಂದ. "ಎರಡು ಹಾಳೆ ತಿರುಗಿಸಿದ ಸದ್ದು ಬಂತು, ನೀನು ಓದಿದ್ದು ಒಂದೇ ಸಾಲು. ನಿನಗೆ ಸಂಕಟ ಆಗುತ್ತೆ ಅಂತ ನಾನೂ ಸುಮ್ಮನಿದ್ದೆ."

ಸ್ವಲ್ಪ ಹೊತ್ತು ಇಬ್ಬರೂ ಹುರುಳಿಕಾಯಿ ಬಿಡಿಸಿದೆವು. ಅವನ ಕೈ ನನ್ನದಕ್ಕಿಂತ ಚುರುಕು.

"ಆ ಮಾತನ್ನ ನಾನು ನಿನಗೆ ಯಾವತ್ತಾದ್ರೂ ಹೇಳ್ತೀನಿ ಅಂತ ಹೆದರಿದ್ಯಾ?" ಎಂದು ಕೇಳಿದ.

"ಹೂಂ."

"ನಾನು ಹೇಳಲ್ಲ ಕಣಕ್ಕ. ಆದ್ರೆ ಆ ಬೇಕರಿಯವನು ಹೇಳ್ಲಿ ಬಿಡು. ಅದು ಅವನ ಮಾತು."

ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಗೊಳೋ ಎಂದು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ, ಮೊರವನ್ನು ತನ್ನ ಕಡೆ ಎಳೆದುಕೊಂಡು ಕೆಲಸ ಮುಂದುವರಿಸಿದ. ಮೇಲ್ ಅಳಿಸಿ ಹೊಸದು ಬರೆದಾಗ, ಟೈಪಿಂಗಿನಲ್ಲಿ ಸಣ್ಣ ವ್ಯತ್ಯಾಸವಾಗಿತ್ತು, ಸರಿಪಡಿಸಲಾಗಿದೆ ಎಂದಷ್ಟೇ ಹಾಕಿದ. ಆದರೆ ನಾನು ಎಗ್ಮೋರಿಗೆ ಹೋಗಿ ಪ್ರೇಮಮ್ಮನಿಗೆ ನಿಜ ಹೇಳಿಬಂದೆ. "ನಂಗೊತ್ತಿತ್ತಮ್ಮಾ" ಎಂದರು ಆಕೆ. "ಆವತ್ತು ನಿಮ್ಮ ದನಿ ಒಂಥರಾ ಇತ್ತು."

ಡಿಸ್ಕು ಮತ್ತೆ ತಂದು ಒಂಬೈನೂರ ಹನ್ನೆರಡು ಸಾಲನ್ನೂ ತಾಳೆ ನೋಡಿ ತಿದ್ದಿದೆ. ನಲವತ್ತೆಂದು ಹೇಳಿದ್ದೆ, ಎಂಬತ್ತೊಂದು ಇದ್ದವು. ಏಪ್ರಿಲಿನಲ್ಲಿ ಪ್ರೋಗ್ರಾಂ ಮೇಲ್ ಬಳಗಕ್ಕೆ ಹೋಯಿತು. ಭೋಪಾಲ್, ಕಣ್ಣೂರು, ಒಮ್ಮೆ ಶ್ರೀಲಂಕಾದಿಂದ ಕೂಡ ಉತ್ತರ ಬಂತು. ಚೆನ್ನಾಗಿದೆ ಎಂದವರಿಗಿಂತ ಇದು ಓಡುತ್ತಿಲ್ಲ, ಅದು ನಿಂತುಹೋಗಿದೆ ಎಂದವರೇ ಹೆಚ್ಚು. ಭೋಜ ಎಲ್ಲರಿಗೂ ಉತ್ತರ ಬರೆಯುತ್ತ, ಫೋನು ಮಾಡುತ್ತ, ಬೈಸಿಕೊಳ್ಳುತ್ತ ಓಡಾಡಿದ.

ಆ ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ. ಚಂದ್ರಶೇಖರ ಯಾವುದೋ ಫಿನ್ಲೆಂಡಿನ ಚಿತ್ರ ತಂದುಕೊಟ್ಟಿದ್ದ. ಅದರ ಸಬ್‌ಟೈಟಲ್ ಫೈಲು ಇಂಟರ್‌ನೆಟ್ಟಿನಲ್ಲೇ ಪೂರ್ತಿ ಸಿಕ್ಕಿತ್ತು, ಯಾರೂ ಟೈಪ್ ಮಾಡಬೇಕಾಗಿರಲಿಲ್ಲ. ಭೋಜ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಕೂತ. ನಾನು ಅಡುಗೆಮನೆಯಲ್ಲಿ ಹುಳಿಗೆ ಬೇಳೆ ಹಾಕುತ್ತಿದ್ದೆ. ಮನೆಯಲ್ಲಿ ಸದ್ದೇ ಇರಲಿಲ್ಲ. ಎರಡು ಸಲ ಬಂದು ಇಣುಕಿದೆ, ಏ ಭೋಜ ಎಂದೂ ಕರೆದೆ, ಅವನಿಗೆ ಕೇಳಿಸಲಿಲ್ಲ. ಹದಿನೇಳು ವರ್ಷ ಪಿಸುಗುಟ್ಟಿದವಳು ಬೇಳೆ ಸೌಟು ಹಿಡಿದುಕೊಂಡು ಒಲೆಗೂ ಬಾಗಿಲಿಗೂ ಅಲೆದೆ.

ಇದ್ದಕ್ಕಿದ್ದ ಹಾಗೆ ಅವನು ಗಹಗಹಿಸಿ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ತಡೆಯಲಾಗಲಿಲ್ಲ, ಹೋಗಿ ಭುಜ ಅಲ್ಲಾಡಿಸಿದೆ. "ಏನೋ ಅದು? ಏನಾಯ್ತೋ?"

ಒಂದು ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟ. ಕಿವಿಗಿಟ್ಟುಕೊಂಡೆ. ಸರಸರ ಸರಸರ, ಒಂದು ಪದವೂ ತಿಳಿಯಲಿಲ್ಲ. ಪರದೆಯ ಮೇಲೆ ಹಿಮದಲ್ಲಿ ಒಂದು ಬೆಂಚು, ಅದರ ಮೇಲೆ ಇಬ್ಬರು ಮುದುಕಿಯರು. ಒಬ್ಬಳು ಏನೋ ಹೇಳಿದಳು, ಇನ್ನೊಬ್ಬಳು ಮುಖ ಆ ಕಡೆ ತಿರುಗಿಸಿದಳು. ಕೆಳಗೆ ಒಂದಕ್ಷರವೂ ಇರಲಿಲ್ಲ. ಅಕ್ಷರ ಬೇಕಾದವರು ಆ ಮನೆಯಲ್ಲಿ ನಾನೊಬ್ಬಳೇ.

"ಏನಂದ್ಲೋ ಆ ಮುದುಕಿ?" ಎಂದು ಕೇಳಿದೆ.

ಅವನು ಚಿತ್ರ ನಿಲ್ಲಿಸಿ, ನನ್ನ ಕಡೆ ತಿರುಗಿ, ನಿಧಾನವಾಗಿ ಕನ್ನಡದಲ್ಲಿ ಹೇಳಿದ. ಒಳ್ಳೆಯ ತಮಾಷೆಯ ಮಾತು. ನಾನು ನಕ್ಕೆ, ನನ್ನ ನಗು ಕೇಳಿ ಅವನೂ ಇನ್ನೊಮ್ಮೆ ನಕ್ಕ. ಮುದುಕಿ ಹೇಳಿದ್ದೇ ಅದೋ, ಇಲ್ಲ ಅಕ್ಕ ನಗಲಿ ಎಂದು ಇವನೇ ಹೇಳಿದ್ದೋ, ನನಗೆ ತಿಳಿಯಲಿಲ್ಲ. ಫೈಲು ತೆರೆದು ತಾಳೆ ನೋಡಬಹುದಿತ್ತು, ನೋಡಲಿಲ್ಲ.